ಹಳೇ ಮಾರುತಿಗೆ ಯಾವ ಆಯಿಲ್, ಎಷ್ಟು, ಬದಲಾಯಿಸುವುದು ಹೇಗೆ

ಮಾರುತಿ 800, ಓಮ್ನಿ, ಹಳೇ ಆಲ್ಟೊ. ಈ ಮೂರರಲ್ಲೂ ಇರುವುದು ಒಂದೇ ಮನೆತನದ 796 ಸಿಸಿ, ಮೂರು ಸಿಲಿಂಡರ್ ಎಂಜಿನ್. 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಆದರೂ ತಾಲ್ಲೂಕು ಪೇಟೆಗಳಲ್ಲಿ, ತೋಟದ ರಸ್ತೆಗಳಲ್ಲಿ ಈ ಗಾಡಿಗಳು ಇನ್ನೂ ದುಡಿಯುತ್ತಿವೆ. ಎಂಜಿನ್ ಗಟ್ಟಿ, ಪಾರ್ಟ್ಸ್ ಎಲ್ಲಿ ಬೇಕಾದರೂ ಸಿಗುತ್ತವೆ. ಒಂದೇ ತೊಂದರೆ ಎಂದರೆ ಆಯಿಲ್ ಚೇಂಬರ್, ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಚಿಕ್ಕದು. ಮಾಡೆಲ್ ನೋಡಿಕೊಂಡು ಫಿಲ್ಟರ್ ಸೇರಿ 2.7ರಿಂದ 3 ಲೀಟರ್ ಹಿಡಿಯುತ್ತದೆ, ಅಷ್ಟೇ. ದೊಡ್ಡ ಎಂಜಿನ್ನಿನಲ್ಲಿ ಅರ್ಧ ಲೀಟರ್ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಅರ್ಧ ಲೀಟರ್ ಹೋದರೆ ಹೆಚ್ಚುಕಡಿಮೆ ಆರರಲ್ಲೊಂದು ಪಾಲು ಹೋದಂತೆ. ಉಳಿದಷ್ಟೇ ಆಯಿಲ್ ಮೊದಲಿಗಿಂತ ಬೇಗ ಬೇಗ ಸುತ್ತು ಹೊಡೆಯಬೇಕು, ಬೇಗ ಕಾಯಬೇಕು, ಬೇಗ ಕೊಳೆಯಾಗಬೇಕು.

ಆದ್ದರಿಂದ ಇಂಥ ಕಾರಿಗೆ ಯಾವ ಬ್ರ್ಯಾಂಡ್ ಹಾಕಿದಿರಿ ಎನ್ನುವುದಕ್ಕಿಂತ ಈಗ ಎಷ್ಟಿದೆ, ಹಾಕಿ ಎಷ್ಟು ದಿನವಾಯಿತು ಎನ್ನುವುದೇ ಮುಖ್ಯ. ಕಚ್ಚಾ ತೈಲ ಶುದ್ಧೀಕರಿಸಿ ಮಾಡಿದ ಸಾಧಾರಣ ಮಿನರಲ್ ಆಯಿಲ್ಲನ್ನೇ ಹೊತ್ತಿಗೆ ಸರಿಯಾಗಿ ಬದಲಾಯಿಸುತ್ತಿದ್ದರೆ ಎಂಜಿನ್ ನೆಮ್ಮದಿಯಾಗಿರುತ್ತದೆ. ರಾಸಾಯನಿಕವಾಗಿ ತಯಾರಿಸಿದ ದುಬಾರಿ ಸಿಂಥೆಟಿಕ್ ಹಾಕಿ ಎರಡು ವರ್ಷ ಬಾನೆಟ್ ಎತ್ತದಿದ್ದರೆ ಒಳಗೆ ತಿರುಗುವ ಶಾಫ್ಟನ್ನು ಹೊರುವ ಬೇರಿಂಗ್ ಹೋಗುತ್ತದೆ.

ಡಬ್ಬಿಯ ಮೇಲಿನ ಅಂಕಿಗಳು

ಗ್ಯಾರೇಜಿನಲ್ಲಿ ‘ಟ್ವೆಂಟಿ ಫಾರ್ಟಿ’ ಎಂದು ಕರೆಯುವುದು 20ಡಬ್ಲ್ಯು-40 ಆಯಿಲ್ಲನ್ನು. ಡಬ್ಲ್ಯು ಜೊತೆಗಿರುವ ಮೊದಲ ಅಂಕಿ ತಣ್ಣಗಿರುವಾಗಿನ ಲೆಕ್ಕ. 20ಡಬ್ಲ್ಯು ಆಯಿಲ್ಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯು ಆಯಿಲ್ಲನ್ನು 25 ಡಿಗ್ರಿ ಕೆಳಗೆ ಇಟ್ಟು, ಎಂಜಿನ್ ತಿರುಗುವಷ್ಟು ತೆಳುವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ 20ಡಬ್ಲ್ಯು ನಮ್ಮಲ್ಲಿ ಹೆಪ್ಪುಗಟ್ಟುತ್ತದೆ ಎಂಬ ಹೆದರಿಕೆ ಬೇಡ. ಆದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ 15ಡಬ್ಲ್ಯು ಅಥವಾ 10ಡಬ್ಲ್ಯು ಆಯಿಲ್ ಎಂಜಿನ್ನಿನ ತಲೆಯಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ವರೆಗೆ ಒಂದಿಷ್ಟು ಬೇಗ ಏರುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿ ಆ ವ್ಯತ್ಯಾಸ ವಾಲ್ವ್ ಕಡೆಯ ಟ್ಯಾಪೆಟ್ ಸದ್ದಿನಲ್ಲೇ ಕೇಳಿಸುತ್ತದೆ.

ಎರಡನೇ ಅಂಕಿ ಎಂಜಿನ್ ಪೂರ್ತಿ ಕಾದ ಮೇಲಿನ ಮಂದ. 100 ಡಿಗ್ರಿಯಲ್ಲಿ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ (ಮಂದ ಅಳೆಯುವ ಮಾನ) ಒಳಗಿರಬೇಕು, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಎಂಜಿನ್ನಿನಲ್ಲಿ ಬೇರಿಂಗ್ ಸಂದು ಹೊಸದರಲ್ಲಿ ಇದ್ದದ್ದಕ್ಕಿಂತ ತುಸು ಅಗಲವಾಗಿರುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲು, ಇಲ್ಲವೇ ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ಮುಕ್ಕಾಲು ಗಂಟೆಯ ಜಾಮ್, ಎರಡರಲ್ಲೂ ಸಂದಿನಲ್ಲಿ ಆಯಿಲ್ ಪದರ ನಿಲ್ಲಬೇಕಾದರೆ 40 ಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಕಾರ್ಬ್ಯುರೇಟರ್ ಇರುವ 800 ಮತ್ತು ಓಮ್ನಿಗೆ 20ಡಬ್ಲ್ಯು-40 ಅಥವಾ 15ಡಬ್ಲ್ಯು-40 ಮಿನರಲ್. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) 800 ಮತ್ತು ಹಳೇ ಆಲ್ಟೊಗೆ 15ಡಬ್ಲ್ಯು-40 ಒಳ್ಳೆಯ ನಡುದಾರಿ. ಕಡಿಮೆ ಓಡಿದ, ಆಯಿಲ್ ಕುಡಿಯದ ಗಾಡಿ ಮಲೆನಾಡಿನಲ್ಲಿದ್ದರೆ 10ಡಬ್ಲ್ಯು-30 ಕೂಡ ನಡೆಯುತ್ತದೆ. ಮ್ಯಾನುಯಲ್ ಇನ್ನೂ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿದ್ದರೆ ಅದರ ಉಷ್ಣಾಂಶದ ಚಾರ್ಟ್ ನೋಡಿ. ಅದರ ಮಾತೇ ಕೊನೆ.

ಇಲ್ಲಿ ಒಂದು ಎಚ್ಚರಿಕೆ. ಆಲ್ಟೊ ಕೆ10, 2010ರ ನಂತರದ ವ್ಯಾಗನ್ ಆರ್, ಎ-ಸ್ಟಾರ್ ಇವುಗಳ ಕೆ ಸರಣಿಯ ಎಂಜಿನ್ ಬೇರೆಯದೇ. ಅದರ ಸಂದುಗಳು ಬಿಗಿ. 5ಡಬ್ಲ್ಯು-30, 0ಡಬ್ಲ್ಯು-20 ಇಂಥ ತೆಳು ಆಯಿಲ್ಲಿಗಾಗಿಯೇ ಅದನ್ನು ಕಟ್ಟಿದ್ದಾರೆ. ‘ಮಾರುತಿ ಅಂದ್ರೆ ಟ್ವೆಂಟಿ ಫಾರ್ಟಿ’ ಎಂದು ಅದಕ್ಕೂ ಮಂದ ಆಯಿಲ್ ಸುರಿಯುವವರಿದ್ದಾರೆ. ಒಪ್ಪಬೇಡಿ.

ಅಂಕಿಯ ಪಕ್ಕದಲ್ಲೇ ಎಪಿಐ ದರ್ಜೆ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು, ಬರೆದಿರುತ್ತದೆ. ಪೆಟ್ರೋಲ್ ಎಂಜಿನ್ನಿನದು ಎಸ್ ಅಕ್ಷರದಿಂದ ಶುರು: ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, 2020ರಿಂದ ಎಸ್‌ಪಿ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎಫ್, ಎಸ್‌ಜಿ ದರ್ಜೆಗಳ ಕಾಲ ಮುಗಿದಿದೆ, ಅಗ್ಗಕ್ಕೆ ಸಿಕ್ಕರೂ ಬೇಡ. ಎಸ್‌ಎಲ್ ಅಥವಾ ಅದಕ್ಕಿಂತ ಹೊಸದಿದ್ದರೆ ಸಾಕು. ‘ಹೊಸ ದರ್ಜೆಯ ಆಯಿಲ್ಲಿನಲ್ಲಿ ರಂಜಕ ಕಡಿಮೆ, ಹಳೇ ಎಂಜಿನ್ನಿನ ಕ್ಯಾಮ್ ಸವೆಯುತ್ತದೆ’ ಎಂಬ ಮಾತು ಕೇಳಿರುತ್ತೀರಿ. ಅದರಲ್ಲಿ ಅರ್ಧ ನಿಜವಿದೆ. ಸವೆತ ತಡೆಯುವ ಸತು-ರಂಜಕದ ರಾಸಾಯನಿಕ ಕ್ಯಾಮ್ ಮತ್ತು ಅದು ಒತ್ತುವ ರಾಕರ್ ಉಜ್ಜುವ ಜಾಗಕ್ಕೆ ಬೇಕೇ ಬೇಕು, ಮತ್ತು ಎಸ್‌ಎಂ ದರ್ಜೆಯಿಂದ ಈಚೆಗೆ ರಂಜಕಕ್ಕೆ ಶೇ 0.08ರ ಮಿತಿ ಇದೆ. ಆದರೆ ಆ ಮಿತಿ 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಆಯಿಲ್‌ಗಳಿಗೆ. 15ಡಬ್ಲ್ಯು-40, 20ಡಬ್ಲ್ಯು-40ಕ್ಕೆ ಅದು ಅನ್ವಯಿಸುವುದಿಲ್ಲ. ನೀವು ಹಾಕುವುದು 40 ಆಗಿದ್ದರೆ ಆ ಚಿಂತೆ ಬಿಡಿ.

ಬೈಕ್ ಆಯಿಲ್ ಕೂಡ 20ಡಬ್ಲ್ಯು-40 ಎಂದೇ ಬರುವುದರಿಂದ ಅಂಗಡಿಯಲ್ಲಿ ಡಬ್ಬಿ ಅದಲುಬದಲಾಗುವುದುಂಟು. ಡಬ್ಬಿಯ ಮೇಲೆ ಜಾಸೊ ಎಂಎ ಎಂದಿದ್ದರೆ ಅದು ಕ್ಲಚ್ ಆಯಿಲ್ಲಿನಲ್ಲೇ ಮುಳುಗಿರುವ ಬೈಕಿಗೆ ಮಾಡಿದ್ದು. ದಾರಿಯಲ್ಲಿ ಬೇರೇನೂ ಸಿಗದೆ ಕಾಲು ಲೀಟರ್ ಟಾಪ್ ಅಪ್ ಮಾಡಿದರೆ ಎಂಜಿನ್ ಹಾಳಾಗುವುದಿಲ್ಲ. ಪೂರ್ತಿ ಅದನ್ನೇ ತುಂಬಲು ಕಾರಣವಿಲ್ಲ. ಕಾರಿನ ಆಯಿಲ್ಲನ್ನು ಬೈಕಿಗೆ ಹಾಕುವುದೇ ಇದಕ್ಕಿಂತ ಕೆಟ್ಟದ್ದು, ಕ್ಲಚ್ ಜಾರಬಹುದು.

ಸಿಂಥೆಟಿಕ್ ಹಾಕಬಾರದೆಂದೇನಿಲ್ಲ. ಒಳಗೆ ಚೊಕ್ಕವಾಗಿರುವ, ಎಲ್ಲೂ ಸೋರದ ಎಂಜಿನ್ನಿಗೆ ಸೆಮಿ ಸಿಂಥೆಟಿಕ್ ಹಾಕಿದರೆ ಬೆಳಗಿನ ಸ್ಟಾರ್ಟ್ ಹಗುರಾಗುತ್ತದೆ. ಆದರೆ ಇಪ್ಪತ್ತು ವರ್ಷದ ಗಾಡಿಯ ರಬ್ಬರ್ ಸೀಲುಗಳು ಗಟ್ಟಿಯಾಗಿರುತ್ತವೆ, ಸಂದಿಗೊಂದಿಯಲ್ಲಿ ಕೂತ ಗಟ್ಟಿ ಜಿಡ್ಡೇ ಒರತೆ ತಡೆದಿರುತ್ತದೆ. ತೆಳುವಾದ, ತೊಳೆಯುವ ಗುಣ ಹೆಚ್ಚಿರುವ ಆಯಿಲ್ ಆ ಜಿಡ್ಡನ್ನು ಬಿಡಿಸಿದಾಗ ಅದುವರೆಗೆ ಒಣಗಿದ್ದ ಜಾಗದಲ್ಲಿ ತೊಟ್ಟಿಕ್ಕಲು ಶುರುವಾಗುತ್ತದೆ. ಸೋರಿಕೆ ಹುಟ್ಟಿಸಿದ್ದು ಆಯಿಲ್ ಅಲ್ಲ, ಅದು ತೋರಿಸಿಕೊಟ್ಟಿತು ಅಷ್ಟೇ. ಆದರೂ ಖರ್ಚು ನಿಮ್ಮದೇ ತಾನೆ.

ಕೊಳ್ಳುವಾಗ ಬ್ರ್ಯಾಂಡಿಗಿಂತ ಅಂಗಡಿ ನೋಡಿ. ಸರ್ವೋ, ಮ್ಯಾಕ್, ಎಚ್‌ಪಿ ಇವು ಅದೇ ಕಂಪನಿಯ ಪೆಟ್ರೋಲ್ ಬಂಕಿನಲ್ಲೇ ಸಿಗುತ್ತವೆ. ಖಾಲಿ ಡಬ್ಬಿಗೆ ಹಳೇ ಆಯಿಲ್ ಸೋಸಿ ತುಂಬಿ ಮಾರುವ ದಂಧೆ ಇರುವುದರಿಂದ ಮುಚ್ಚಳದ ಸೀಲ್ ಮುರಿದಿಲ್ಲವೇ, ಬಾಯಿಯ ಫಾಯಿಲ್ ಸುಕ್ಕಿಲ್ಲದೆ ಕೂತಿದೆಯೇ, ಡಬ್ಬಿಯ ಮೇಲೆ ಒತ್ತಿದ ಬ್ಯಾಚ್ ನಂಬರ್ ಉಜ್ಜಿ ಹೋಗಿಲ್ಲವೇ ನೋಡಿಕೊಳ್ಳಿ. ಬಿಲ್ ಕೇಳಿ. ಕೆಲಸ ಮುಗಿದ ಮೇಲೆ ಖಾಲಿ ಡಬ್ಬಿಯ ತಳಕ್ಕೆ ಚಾಕು ಹಾಕಿ ಸೀಳಿಬಿಡಿ.

ಎಷ್ಟು ದಿನಕ್ಕೊಮ್ಮೆ

ಮಿನರಲ್ ಆಯಿಲ್ಲಿಗೆ 5,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ, ಮಕ್ಕಳ ಶಾಲೆಗೂ ಮಾರ್ಕೆಟ್ಟಿಗೂ ಓಡುವ ಗಾಡಿಗೆ ಆರು ತಿಂಗಳು. ಮೀಟರ್ 1,500 ತೋರಿಸಿದರೂ ಆರೇ ತಿಂಗಳು. ಇದು ಹಲವರಿಗೆ ವಿಚಿತ್ರವೆನಿಸುತ್ತದೆ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ, ಅದರಲ್ಲಿ ಒಂದಿಷ್ಟು ಪಿಸ್ಟನ್ ರಿಂಗ್ ದಾಟಿ ಚೇಂಬರಿಗೆ ಇಳಿಯುತ್ತದೆ. ಎಂಜಿನ್ ಇಪ್ಪತ್ತು ಮೂವತ್ತು ನಿಮಿಷ ಚೆನ್ನಾಗಿ ಕಾದು ಓಡಿದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಐದು ನಿಮಿಷಕ್ಕೇ ಆಫ್ ಮಾಡಿದರೆ ಅಲ್ಲೇ ನಿಂತು ಆಯಿಲ್ಲಿನೊಂದಿಗೆ ಕಲೆಸಿ ಹುಳಿಯಾಗುತ್ತದೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಚೋಕ್ ಎಳೆದಿಟ್ಟಷ್ಟು ಹೊತ್ತೂ ಉರಿಯದ ಪೆಟ್ರೋಲ್ ಕೂಡ ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗಿಳಿಯುತ್ತದೆ.

ಗ್ಯಾಸ್ ಕಿಟ್ ಹಾಕಿಸಿದ 800, ಓಮ್ನಿಗಳದು ಇನ್ನೊಂದು ಕಥೆ. ಎಲ್‌ಪಿಜಿ ಮಸಿ ಕಡಿಮೆ ಬಿಡುವುದರಿಂದ ಆಯಿಲ್ ಆರು ಸಾವಿರ ಕಿಲೋಮೀಟರ್ ಆದರೂ ಜೇನಿನ ಬಣ್ಣದಲ್ಲೇ ಇರುತ್ತದೆ. ಬಣ್ಣ ನೋಡಿ ‘ಇನ್ನೂ ಚೆನ್ನಾಗಿದೆ’ ಎಂದು ಓಡಿಸಿದರೆ ಮೋಸ ಹೋಗುತ್ತೀರಿ. ಗ್ಯಾಸಿನ ಬಿಸಿಗೆ ಆಯಿಲ್ ಆಕ್ಸಿಡೈಸ್ ಆಗಿ ಒಳಗೊಳಗೇ ಮಂದವಾಗುತ್ತಿರುತ್ತದೆ. ಗ್ಯಾಸ್ ಗಾಡಿಗೆ ಕಿಲೋಮೀಟರ್ ಲೆಕ್ಕವೇ ಲೆಕ್ಕ. ಹಾಗೆಯೇ ಪೆಟ್ರೋಲ್ ಗಾಡಿಯಲ್ಲಿ ಹೊಸ ಆಯಿಲ್ ಸಾವಿರ ಕಿಲೋಮೀಟರಿಗೇ ಕಪ್ಪಾದರೆ ಗಾಬರಿ ಬೇಡ, ಅದು ಒಳಗಿನ ಕೊಳೆ ಎತ್ತಿಕೊಳ್ಳುತ್ತಿದೆ.

ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದ್ದು

ಆಯಿಲ್ 3 ಲೀಟರ್, ಫಿಲ್ಟರ್, ಆಯಿಲ್ ಇಳಿಸಲು ಚೇಂಬರಿನಲ್ಲಿರುವ ಡ್ರೈನ್ ಬೋಲ್ಟಿನ ವಾಷರ್. ಈ ವಾಷರ್ ಹತ್ತಿಪ್ಪತ್ತು ರೂಪಾಯಿಯ ಸಾಮಾನು, ಮರೆಯುವವರೇ ಹೆಚ್ಚು. ಡ್ರೈನ್ ಬೋಲ್ಟಿಗೆ ಸಾಮಾನ್ಯವಾಗಿ 17 ನಂಬರಿನ ರಿಂಗ್ ಸ್ಪ್ಯಾನರ್ ಹಿಡಿಸುತ್ತದೆ. ಹಿಂದೆ ಯಾರಾದರೂ ಬೋಲ್ಟ್ ಬದಲಾಯಿಸಿದ್ದರೆ ಅಳತೆ ಬೇರೆ ಇರಬಹುದು, ಮುಂಚೆಯೇ ಹಾಕಿ ನೋಡಿ. ಫಿಲ್ಟರ್ ಬಿಚ್ಚಲು ಬೆಲ್ಟ್ ಅಥವಾ ಚೈನ್ ಸ್ಪ್ಯಾನರ್. ಐದು ಲೀಟರ್ ಹಿಡಿಯುವ ಅಗಲ ಬಾಯಿಯ ಬೇಸಿನ್, ಫನಲ್, ಬನಿಯನ್ ವೇಸ್ಟ್, ರಬ್ಬರ್ ಗ್ಲೌಸ್, ಹಳೇ ಪೇಪರ್. ಗಾಡಿ ಎತ್ತುವುದಾದರೆ ಜ್ಯಾಕ್ ಸ್ಟ್ಯಾಂಡ್ ಎರಡು.

ಫಿಲ್ಟರ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಹೊರಗಿನಿಂದ ಎಲ್ಲವೂ ಒಂದೇ ಥರದ ತಗಡಿನ ಡಬ್ಬಿ. ಒಳಗೆ ಮಡಿಸಿದ ಪೇಪರ್, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್, ಪೇಪರ್ ಕಟ್ಟಿಕೊಂಡಾಗ ತೆರೆಯುವ ಬೈಪಾಸ್ ವಾಲ್ವ್ ಇರುತ್ತವೆ. ನಕಲಿ ಫಿಲ್ಟರಿನಲ್ಲಿ ಮೊದಲು ಕೈಕೊಡುವುದು ಆ ರಬ್ಬರ್ ವಾಲ್ವ್. ರಾತ್ರಿ ನಿಂತ ಗಾಡಿಯ ಫಿಲ್ಟರ್ ಖಾಲಿಯಾಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟ್ ಆರಲು ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ, ಟ್ಯಾಪೆಟ್ ಕಟಕಟ ಎನ್ನುತ್ತದೆ. ಪ್ರತಿ ಸಲ ಆಯಿಲ್ ಜೊತೆ ಫಿಲ್ಟರ್ ಕೂಡ ಬದಲಾಗಲಿ. ‘ಒಂದು ಸಲ ಬಿಟ್ಟು ಒಂದು ಸಲ’ ಎನ್ನುವುದು ಹಳೇ ಗ್ಯಾರೇಜ್ ಲೆಕ್ಕ. ಹಾಗೆ ಮಾಡಿದರೆ ಫಿಲ್ಟರಿನಲ್ಲಿ ಉಳಿದ ಕೊಳೆ ಆಯಿಲ್ ಹೊಸ ಆಯಿಲ್ಲಿಗೇ ಬೆರೆಯುತ್ತದೆ.

ಬಿಚ್ಚುವುದು

ಗಾಡಿಯನ್ನು ಐದು ಹತ್ತು ನಿಮಿಷ ಓಡಿಸಿ ತನ್ನಿ. ಬೆಚ್ಚಗಿರುವ ಆಯಿಲ್ ಸಲೀಸಾಗಿ ಇಳಿಯುತ್ತದೆ, ಕೊಳೆಯನ್ನೂ ಜೊತೆಗೆ ಎಳೆದು ತರುತ್ತದೆ. ಘಾಟಿ ಇಳಿದು ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ. ಒಂದು ಹದಿನೈದು ನಿಮಿಷ ಬಿಡಿ.

ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಮೊದಲ ಗೇರ್, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು. ಸ್ಟೆಪ್ನಿ ಬದಲಾಯಿಸಲು ಕೊಟ್ಟಿರುವ ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತೂರಬಾರದು. ಇಟ್ಟಿಗೆ ಜೋಡಿಸುವುದೂ ಬೇಡ, ಭಾರ ಬಿದ್ದರೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಹತ್ತಿರದ ಸರ್ವೀಸ್ ಸ್ಟೇಷನ್ನಿನ ಗುಂಡಿ ಅಥವಾ ರ‍್ಯಾಂಪ್ ಕೇಳಿ.

ಬಾನೆಟ್ ಎತ್ತಿ ಆಯಿಲ್ ಮುಚ್ಚಳ ಬಿಚ್ಚಿಡಿ, ಗಾಳಿ ಒಳಗೆ ಹೋದರೆ ಆಯಿಲ್ ಗಳಗಳ ಎನ್ನದೆ ಒಂದೇ ಧಾರೆಯಾಗಿ ಬರುತ್ತದೆ. ಓಮ್ನಿಯಲ್ಲಾದರೆ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಸೀಟು ಎತ್ತಬೇಕು.

ಈಗ ಕೆಳಗೆ. ಇಲ್ಲಿ ನಡೆಯುವ ದೊಡ್ಡ ಎಡವಟ್ಟು ಗೇರ್‌ಬಾಕ್ಸಿನ ಬೋಲ್ಟ್ ಬಿಚ್ಚುವುದು. ಗೇರ್ ಆಯಿಲ್ ಎಲ್ಲ ಇಳಿದು, ಎಂಜಿನ್ನಿನ ಹಳೇ ಆಯಿಲ್ ಮೇಲೆ ಇನ್ನು ಮೂರು ಲೀಟರ್ ಬಿದ್ದು, ಗಾಡಿ ಹೊರಟ ಮೇಲೆ ಎರಡೂ ಕೆಡುತ್ತವೆ. ಗುರುತು ಸುಲಭ. ಎಂಜಿನ್ನಿನ ಆಯಿಲ್ ಚೇಂಬರ್ ಒತ್ತಿ ಮಾಡಿದ ಕಪ್ಪು ತಗಡಿನ ತಟ್ಟೆ, ಸುತ್ತಲೂ ಸಾಲಾಗಿ ಚಿಕ್ಕ ಬೋಲ್ಟುಗಳು. ಗೇರ್‌ಬಾಕ್ಸ್ ಎರಕ ಹೊಯ್ದ ಅಲ್ಯೂಮಿನಿಯಂ, ಮೈಮೇಲೆ ಏಣುಗಳು. ಬಿಚ್ಚಿದಾಗ ಗಂಧಕದ ಕಟು ವಾಸನೆಯ ಮಂದ ಎಣ್ಣೆ ಬಂದರೆ ತಕ್ಷಣ ಮುಚ್ಚಿ.

ರಿಂಗ್ ಸ್ಪ್ಯಾನರನ್ನು ಬೋಲ್ಟಿಗೆ ಪೂರ್ತಿ ಕೂರಿಸಿ, ಬೋಲ್ಟಿನ ತಲೆ ನಿಮ್ಮ ಕಡೆ ಇರುವಂತೆ ನೋಡುತ್ತಾ ಅಪ್ರದಕ್ಷಿಣವಾಗಿ ಒಂದೇ ಏಟಿಗೆ ಸಡಿಲಿಸಿ. ಡಿ ಸ್ಪ್ಯಾನರ್ ಅಥವಾ ಸ್ಕ್ರೂ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ತಲೆ ಗುಂಡಗಾಗುತ್ತದೆ. ಸಡಿಲವಾದ ಮೇಲೆ ಕೈಯಲ್ಲೇ ತಿರುಗಿಸಿ, ಆದರೆ ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸಿ. ಕೊನೆಯ ಸುತ್ತು ಬಿಟ್ಟ ಕ್ಷಣ ಕೈ ಪಕ್ಕಕ್ಕೆ ಸರಿಸಿದರೆ ತೋಳಿನವರೆಗೆ ಆಯಿಲ್ ಇಳಿಯುವುದಿಲ್ಲ. ಧಾರೆ ಮೊದಲು ಒಂದಡಿ ದೂರಕ್ಕೆ ಚಿಮ್ಮುತ್ತದೆ, ಬೇಸಿನ್ ಅದಕ್ಕೆ ತಕ್ಕಂತೆ ಇಡಿ. ಹದಿನೈದು ನಿಮಿಷ ಬಿಡಿ. ಗಾಡಿಯ ಮೂತಿ ಎತ್ತಿದ್ದರೆ ಕೊನೆಗೆ ಒಮ್ಮೆ ಸಮ ಮಾಡಿ, ಮೂಲೆಯಲ್ಲಿ ನಿಂತದ್ದೂ ಬರುತ್ತದೆ.

ಆ ಹೊತ್ತಿನಲ್ಲಿ ಬಿಚ್ಚಿದ ಬೋಲ್ಟನ್ನು ಒರೆಸಿ ನೋಡಿ. ತುದಿಯಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರು ಸಹಜ. ಉಗುರಿಗೆ ಸಿಗುವ ಚೂರು, ಬೆಳ್ಳಿಯಂತೆ ಮಿನುಗುವ ಅಥವಾ ತಾಮ್ರದ ಬಣ್ಣದ ಹರಳು ಕಂಡರೆ ಬೇರಿಂಗ್ ಸವೆಯುತ್ತಿದೆ.

ಫಿಲ್ಟರಿನ ಕೆಳಗೆ ಪೇಪರ್ ಹಾಸಿ ಬಿಚ್ಚಿ. ಜಾರುತ್ತಿದ್ದರೆ ಸುತ್ತ ಉಪ್ಪು ಕಾಗದ ಸುತ್ತಿ ಹಿಡಿದರೆ ಪಟ್ಟು ಸಿಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ವಿದ್ಯೆ ಬೇಡ. ತಗಡು ಹರಿದು ಬುಡ ಅಲ್ಲೇ ಉಳಿದರೆ ಹಿಡಿಯಲು ಏನೂ ಇರುವುದಿಲ್ಲ. ಬಿಚ್ಚಿದ ಫಿಲ್ಟರಿನ ಬಾಯಲ್ಲಿ ರಬ್ಬರ್ ರಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಅದು ಎಂಜಿನ್ನಿಗೇ ಅಂಟಿಕೊಂಡಿದೆ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಬ್ಬರ್ ಒಂದರ ಮೇಲೊಂದು ಕೂತು, ಸ್ಟಾರ್ಟ್ ಮಾಡಿದ ಅರ್ಧ ನಿಮಿಷದಲ್ಲಿ ಒಂದು ಹೊರಗೆ ಚಿಮ್ಮಿ, ಚೇಂಬರಿನಲ್ಲಿದ್ದುದೆಲ್ಲ ನೆಲಕ್ಕೆ ಬರುತ್ತದೆ.

ಕಟ್ಟುವುದು, ತುಂಬುವುದು

ಫಿಲ್ಟರ್ ಕೂರುವ ಮುಖವನ್ನು ಬಟ್ಟೆಯಿಂದ ಒರೆಸಿ. ಹೊಸ ರಬ್ಬರಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ. ಕೈಯಲ್ಲಿ ತಿರುಗಿಸುತ್ತಾ ಹೋಗಿ, ರಬ್ಬರ್ ತಾಗಿದ್ದು ಗೊತ್ತಾಗುತ್ತದೆ. ಅಲ್ಲಿಂದ ಮುಕ್ಕಾಲು ಸುತ್ತು, ಅಷ್ಟೇ. ಸ್ಪ್ಯಾನರ್ ಹಾಕಿ ಬಿಗಿ ಮಾಡಿದರೆ ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಬೈಯುತ್ತಾರೆ. ಬಹುಶಃ ಅದು ನೀವೇ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲ ನಾಲ್ಕೈದು ಸುತ್ತು ಬರಿಗೈಯಲ್ಲೇ ತಿರುಗಿಸಿ. ಸಲೀಸಾಗಿ ಹೋಗದಿದ್ದರೆ ಅಡ್ಡ ಕೂತಿದೆ, ಹಿಂದಕ್ಕೆ ತಿರುಗಿಸಿ ಮತ್ತೆ ಹಿಡಿಯಿರಿ. ಬಿಗಿ 35 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರಿಗೆ ಅಂದಾಜು: 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 17-18 ಕೆ.ಜಿ.ಯಷ್ಟು ಎಳೆತ. ಅಂದರೆ ಮಣಿಕಟ್ಟಿನ ಬಲ, ಭುಜದ ಬಲ ಅಲ್ಲ. ಸ್ಪ್ಯಾನರಿಗೆ ಪೈಪ್ ತೂರಿಸಿ ಎಳೆಯುವವರಿಂದಲೇ ಹಳೇ ಮಾರುತಿಗಳ ಚೇಂಬರ್ ಥ್ರೆಡ್ ಹೋಗಿರುವುದು. ಥ್ರೆಡ್ ಹೋಗಿದ್ದರೆ ಟೆಫ್ಲಾನ್ ಟೇಪ್ ಸುತ್ತುವುದೋ ಎಂ-ಸೀಲ್ ಮೆತ್ತುವುದೋ ಪರಿಹಾರವಲ್ಲ. ಹೆದ್ದಾರಿಯಲ್ಲಿ ಬೋಲ್ಟ್ ಕಳಚಿದರೆ ಎಂಜಿನ್ ಸೀಜ್ ಆಗಲು ಒಂದೆರಡು ನಿಮಿಷ ಸಾಕು. ಲೇತ್ ಅಂಗಡಿಯಲ್ಲಿ ದೊಡ್ಡ ಥ್ರೆಡ್ ಹಾಕಿಸಿ ಅದಕ್ಕೆ ತಕ್ಕ ಬೋಲ್ಟ್ ಕೂರಿಸಿ, ಇಲ್ಲವೇ ಚೇಂಬರನ್ನೇ ಬದಲಾಯಿಸಿ. ಹಳೇ 800ರ ಚೇಂಬರ್ ಏನೂ ದುಬಾರಿಯಲ್ಲ.

ಗಾಡಿ ಪೂರ್ತಿ ಸಮನಾಗಿ ನಿಂತ ಮೇಲೆ ಮೊದಲು ಎರಡೂವರೆ ಲೀಟರ್ ಹಾಕಿ. ಡಬ್ಬಿಯಲ್ಲಿ ಮೂರು ಲೀಟರ್ ಇದೆ ಎಂದು ಮೂರನ್ನೂ ಸುರಿಯಬೇಡಿ. ಐದು ನಿಮಿಷ ಬಿಟ್ಟು ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ತೂರಿಸಿ, ಎಳೆದು ನೋಡಿ. ಕೆಳಗಿನ ಗುರುತು ದಾಟಿರಬೇಕು. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಖಾಲಿ ಫಿಲ್ಟರ್ ತುಂಬಿಕೊಳ್ಳುವವರೆಗೆ ಲೈಟ್ ಮೂರ‍್ನಾಲ್ಕು ಸೆಕೆಂಡ್ ಉರಿದು ಆರುತ್ತದೆ. ಹತ್ತು ಸೆಕೆಂಡ್ ಆದರೂ ಆರದಿದ್ದರೆ ಆಫ್ ಮಾಡಿ. ಎರಡು ನಿಮಿಷ ಓಡಲು ಬಿಟ್ಟು ಬೋಲ್ಟ್, ಫಿಲ್ಟರ್ ಎರಡರ ಬುಡಕ್ಕೂ ಟಾರ್ಚ್ ಹಾಕಿ ನೋಡಿ. ಆಫ್ ಮಾಡಿ ಮತ್ತೆ ಐದು ನಿಮಿಷ ಬಿಟ್ಟು, ಮಟ್ಟ ನೋಡಿ, ನೂರು ನೂರು ಮಿಲಿಲೀಟರ್ ಸೇರಿಸುತ್ತಾ ಮೇಲಿನ ಗುರುತಿಗೆ ಒಂದು ಕೂದಲು ಕೆಳಗೆ ನಿಲ್ಲಿಸಿ.

ಮೇಲಿನ ಗುರುತು ದಾಟಿದರೆ ‘ಇರಲಿ ಬಿಡು’ ಎನ್ನುವಂತಿಲ್ಲ. ಚೇಂಬರಿನ ಮೇಲೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲ್ಲಿನಲ್ಲಿ ಅದ್ದಿ ಕಡೆದು ನೊರೆ ಎಬ್ಬಿಸುತ್ತದೆ. ಪಂಪ್ ನೊರೆಯನ್ನೇ ಎಳೆದರೆ ಪ್ರೆಷರ್ ಬೀಳುತ್ತದೆ. ಹೆಚ್ಚಾದದ್ದು ಉಸಿರು ಪೈಪಿನ ಮೂಲಕ ಏರ್ ಫಿಲ್ಟರಿಗೆ ಹೋಗಿ ಬಿಳಿ-ನೀಲಿ ಹೊಗೆ ಬರುತ್ತದೆ. ಬೋಲ್ಟ್ ಸಡಿಲಿಸಿ ಇಳಿಸಬಹುದು. ಡಿಪ್‌ಸ್ಟಿಕ್ ಕೊಳವೆಗೆ ತೆಳುವಾದ ಪೈಪ್ ಇಳಿಸಿ ಸಿರಿಂಜಿನಲ್ಲಿ ಎಳೆಯುವುದು ಇನ್ನೂ ಚೊಕ್ಕ.

ಇನ್ನೊಂದು ಮಾತು ‘ಫ್ಲಶ್’ ಬಗ್ಗೆ. ಹಳೇ ಆಯಿಲ್ ಇಳಿಸುವ ಮೊದಲು ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಎಂಜಿನ್ ತಿರುಗಿಸುವ ಅಭ್ಯಾಸ ಹಲವು ಕಡೆ ಇದೆ. ಸೀಮೆಎಣ್ಣೆಗೆ ಬೇರಿಂಗಿನಲ್ಲಿ ಪದರ ಹಿಡಿಯುವ ಶಕ್ತಿಯಿಲ್ಲ. ಅದರ ಜೊತೆಗೆ ವರ್ಷಗಟ್ಟಲೆ ಕೂತ ಜಿಡ್ಡು ಒಮ್ಮೆಲೇ ಕಿತ್ತು ಬಂದು ಪಂಪಿನ ಜಾಲರಿ ಮುಚ್ಚುತ್ತದೆ. ಹಿಂದಿನ ಮಾಲೀಕರು ಆಯಿಲ್ ಕಡೆ ತಿರುಗಿ ನೋಡಿಲ್ಲ ಎಂದು ಗೊತ್ತಾದರೆ ಅಗ್ಗದ, ಆದರೆ ಸರಿಯಾದ ದರ್ಜೆಯ 20ಡಬ್ಲ್ಯು-40 ಹಾಕಿ, ಸಾವಿರ ಕಿಲೋಮೀಟರಿಗೆ ಫಿಲ್ಟರ್ ಸಮೇತ ಬದಲಾಯಿಸಿ, ಬೇಕಿದ್ದರೆ ಇನ್ನೊಂದು ಸಲ ಹಾಗೇ ಮಾಡಿ. ಜಿಡ್ಡು ಮೆಲ್ಲಗೆ ಕರಗಿ ಹೋಗುತ್ತದೆ.

ಡಿಪ್‌ಸ್ಟಿಕ್ ಏನು ಹೇಳುತ್ತದೆ

ಹಳೇ ಗಾಡಿಯಲ್ಲಿ ಹದಿನೈದು ದಿನಕ್ಕೊಮ್ಮೆ, ದೂರದ ಪ್ರಯಾಣಕ್ಕೆ ಮೊದಲು ತಪ್ಪದೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆ ಏರುವ ಗಾಡಿಗೆ ಇದು ಇನ್ನೂ ಮುಖ್ಯ. ಮಟ್ಟ ಕೆಳಗಿನ ಗುರುತಿನಲ್ಲಿದ್ದರೆ ಕಡಿದಾದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ತಿರುವಿನಲ್ಲಿ ಮಾತ್ರ ಲೈಟ್ ಮಿನುಗುವುದು ಇದೇ ಕಾರಣಕ್ಕೆ.

ಸಾವಿರ ಕಿಲೋಮೀಟರಿಗೆ ಕಾಲು ಲೀಟರ್ ಇಳಿದರೆ ಹಳೇ ಎಂಜಿನ್ನಿಗೆ ಅದು ಸಹಜ, ಟಾಪ್ ಅಪ್ ಮಾಡಿಕೊಂಡು ಓಡಿಸಿ. ಲೀಟರಿನ ಹತ್ತಿರ ಬಂದರೆ ಕಾರಣ ಹುಡುಕಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಓಡುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ಹೊಗೆ ಬಂದರೆ ರಿಂಗ್, ಬೋರ್. 20ಡಬ್ಲ್ಯು-50 ಹಾಕಿದರೆ ಹೊಗೆ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಅದು ಗಾಡಿ ಮಾರುವವರ ಉಪಾಯ, ಕೊಳ್ಳುವವರು ಎಚ್ಚರವಿರಲಿ.

ಮಟ್ಟ ಏರಿದ್ದರೆ ಇಳಿದದ್ದಕ್ಕಿಂತ ಕೆಟ್ಟ ಸುದ್ದಿ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು, ಬೆರಳ ನಡುವೆ ಉಜ್ಜಿದರೆ ನೀರಿನಂತೆ ಜಾರಿದರೆ, ಕಾರ್ಬ್ಯುರೇಟರ್ ಗಾಡಿಯಲ್ಲಿ ಮೊದಲ ಅನುಮಾನ ಫ್ಯುಯೆಲ್ ಪಂಪಿನ ಮೇಲೆ. ಎಂಜಿನ್ನಿನ ಪಕ್ಕಕ್ಕೆ ಕೂರುವ ಆ ಮೆಕ್ಯಾನಿಕಲ್ ಪಂಪಿನ ಡಯಾಫ್ರಂ ಹರಿದರೆ ಪೆಟ್ರೋಲ್ ನೇರ ಚೇಂಬರಿಗೆ ಇಳಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ, ತೊಂಬತ್ತರ ದಶಕದ ರಬ್ಬರನ್ನು ಅದಕ್ಕೆಂದು ಮಾಡಿರಲಿಲ್ಲ. ಪಂಪ್ ಬದಲಾಯಿಸಿದ ಮೇಲೆ ಆಯಿಲ್ಲನ್ನೂ ಬದಲಾಯಿಸಲೇಬೇಕು.

ಆಯಿಲ್ ಕಾಫಿಯಂತೆ ಹಾಲುಬಣ್ಣಕ್ಕೆ ತಿರುಗಿದ್ದರೆ ಎಲ್ಲಿ ಎನ್ನುವುದು ಮುಖ್ಯ. ಮುಚ್ಚಳದ ಒಳಬದಿಯಲ್ಲಿ ಮಾತ್ರ ಕೆನೆ ಕಟ್ಟಿದ್ದರೆ, ಮಳೆಗಾಲದ ಕರಾವಳಿಯಲ್ಲಿ, ಕಡಿಮೆ ಓಡುವ ಗಾಡಿಯಲ್ಲಿ ಅದು ಬರೀ ತೇವ. ಒರೆಸಿ, ಅರ್ಧ ಗಂಟೆ ಒಂದೇ ಸಮನೆ ಓಡಿಸಿ ಬನ್ನಿ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಕಂಡು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ನೆರೆ ನೀರಿನಲ್ಲಿ ನಿಂತ ಗಾಡಿಯಾದರೆ ಸ್ಟಾರ್ಟ್ ಮಾಡುವ ಮೊದಲೇ ಡಿಪ್‌ಸ್ಟಿಕ್ ನೋಡಬೇಕು.

ಹೊರಗಿನ ಸೋರಿಕೆ ಹಲವು ಕಡೆ ಒಟ್ಟಿಗೆ ಶುರುವಾದರೆ ಎಲ್ಲ ಸೀಲ್ ಬದಲಾಯಿಸುವ ಮೊದಲು ಪಿಸಿವಿ ವಾಲ್ವ್ (ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ವಾಲ್ವ್) ಮತ್ತು ಅದರ ಪೈಪ್ ಕಟ್ಟಿಕೊಂಡಿದೆಯೇ ನೋಡಿ. ಒಳಗಿನ ಗಾಳಿ ಹೊರಡಲು ದಾರಿಯಿಲ್ಲದೆ ಆಯಿಲ್ಲನ್ನು ಸಿಕ್ಕ ಸಂದಿಯಿಂದ ನೂಕುತ್ತಿರುತ್ತದೆ. ಮೇಲಿನ ಕವರ್ ಪ್ಯಾಕಿಂಗ್ ಒಸರಿದರೆ ಅವಸರವಿಲ್ಲ. ಟೈಮಿಂಗ್ ಬೆಲ್ಟ್ ಕಡೆಯ ಸೀಲ್ ಸೋರಿದರೆ ಮುಂದೂಡಬೇಡಿ, ಆಯಿಲ್ ತಾಗಿದ ಬೆಲ್ಟ್ ಉಬ್ಬಿ ಹರಿಯುತ್ತದೆ. ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕಿದರೆ ಕ್ಲಚ್ ಜಾರುವುದು ಮುಂದಿನ ಹಂತ.

ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ಆಯಿಲ್ ಲೈಟ್ ಮಿನುಗಿದರೆ ಮೊದಲು ಮಟ್ಟ, ಆಮೇಲೆ ಸ್ವಿಚ್. ಅಗ್ಗದ ಸ್ವಿಚ್ ಬದಲಾಯಿಸಿಯೂ ನಿಲ್ಲದಿದ್ದರೆ ಆ ಜಾಗಕ್ಕೆ ಗೇಜ್ ಹಾಕಿ ಪ್ರೆಷರ್ ಅಳೆಸಿ. ಓಡುವಾಗ ಲೈಟ್ ಉರಿದೇ ನಿಂತರೆ ಮನೆ ಎಷ್ಟೇ ಹತ್ತಿರವಿರಲಿ, ಅಲ್ಲೇ ಆಫ್ ಮಾಡಿ ಟೋ ಮಾಡಿಸಿ.

ಇಳಿಸಿದ ಆಯಿಲ್

ಬಳಸಿದ ಆಯಿಲ್ 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಬಿಡುವುದು, ಧೂಳು ಅಡಗಲೆಂದು ಅಂಗಳಕ್ಕೆ ಚೆಲ್ಲುವುದು, ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಡುವುದು, ಬೇಲಿ ಕಂಬಕ್ಕೆ ಹಚ್ಚುವುದು ಯಾವುದೂ ಬೇಡ, ಮಳೆ ಬಂದರೆ ಬಾವಿಗೇ ಇಳಿಯುತ್ತದೆ. ಹಳೇ ಡಬ್ಬಿಯೊಂದಕ್ಕೆ ಸೋಸದೆ ಹಾಗೇ ತುಂಬಿ, ನೀರು, ಕೂಲೆಂಟ್ ಬೆರೆಸದೆ, ಡ್ರಮ್ ಇಟ್ಟುಕೊಂಡಿರುವ ಸರ್ವೀಸ್ ಸ್ಟೇಷನ್ನಿಗೆ ಕೊಡಿ. ಅಲ್ಲಿಂದ ಅದು ಪರವಾನಗಿ ಇರುವ ಮರುಶುದ್ಧೀಕರಣದವರಿಗೆ ಹೋಗಬೇಕು. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಒಳಗಿನದು ಇಳಿದ ಮೇಲೆ ಅದನ್ನೂ ಅಲ್ಲಿಗೇ ಕೊಡಿ. ಮೀಟರ್ ಓದಿನ ಜೊತೆ ದಿನಾಂಕ, ಆಯಿಲ್ಲಿನ ದರ್ಜೆ ಬರೆದ ಚೀಟಿಯನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಬೋಲ್ಟಿನ ಬುಡ ಒಣಗಿದೆಯೇ, ಮಟ್ಟ ನಿಂತಿದೆಯೇ ಎಂದು ಇನ್ನೊಮ್ಮೆ ನೋಡಿ.